ಹಳೆಯ ಬಿಲ್ಡ್‌ಗೂ ಒಂದು ಅವಧಿ ಇರಲಿ

ಕನ್ನಡ ವಿಕಿಪೀಡಿಯದ ಪುಟದ ಮೇಲ್ತುದಿಯಲ್ಲಿ ‘ಸಂಪಾದಿಸಿ’ ಎಂಬ ಪದವಿದೆ. 2003ರ ಜೂನ್‌ನಲ್ಲಿ ಶುರುವಾಗಿ ಇಂದು 30 ಸಾವಿರಕ್ಕೂ ಹೆಚ್ಚು ಲೇಖನಗಳಿರುವ ಈ ವಿಶ್ವಕೋಶವನ್ನು ತೆರೆದವರೆಲ್ಲ ನೋಡಿರುವ ಪದ ಅದು. ಇಂಥ ಸಾವಿರಾರು ಸಣ್ಣ ಪದಗಳನ್ನೂ ಸೂಚನೆಗಳನ್ನೂ ಕನ್ನಡಕ್ಕೆ ತಂದವರು ಸ್ವಯಂಸೇವಕರು. ಟ್ರಾನ್ಸ್‌ಲೇಟ್‌ವಿಕಿ ಎಂಬ ತಾಣದಲ್ಲಿ ಖಾತೆ ತೆರೆದರೆ ಸಕಲೇಶಪುರದಲ್ಲಿ ಕೂತವರೂ ಅನುವಾದ ಸೇರಿಸಬಹುದು, ಸಿಂಗಪುರದಲ್ಲಿ ಕೂತವರೂ ಸೇರಿಸಬಹುದು. ಹಾಗೆ ಸೇರಿಸಿದ ಒಂದು ಪದ ವಿಕಿಪೀಡಿಯದ ಪುಟ ತಲುಪುವ ಮೊದಲು ಪರೀಕ್ಷೆಯ ಹಾದಿಯೊಂದನ್ನು ದಾಟಬೇಕು. ಆ ಹಾದಿಯಲ್ಲಿ ರಾಶಿ ಬೀಳುವ ಕಡತಗಳನ್ನು ಯಾರು, ಯಾವಾಗ, ಯಾವ ನಿಯಮದ ಮೇಲೆ ತೆಗೆಯಬೇಕು ಎಂಬುದು ಈ ವಾರದ ವಿಷಯ.

ಅನುವಾದಗಳನ್ನೆಲ್ಲ ಒಂದು ಬಾಟ್ ಒಟ್ಟುಮಾಡುತ್ತದೆ. ಕನ್ನಡದವನ್ನು ಕನ್ನಡದ ಕಡತಕ್ಕೆ, ತುಳುವಿನವನ್ನು ತುಳುವಿನ ಕಡತಕ್ಕೆ ಸೇರಿಸಿ ಗೆರಿಟ್ ಎಂಬ ವ್ಯವಸ್ಥೆಗೆ ಒಪ್ಪಿಸುತ್ತದೆ. ವಿಕಿಪೀಡಿಯವನ್ನು ಓಡಿಸುವ ಮೀಡಿಯಾವಿಕಿ ತಂತ್ರಾಂಶದಲ್ಲಿ ಒಂದು ಅಕ್ಷರ ಬದಲಾಗಬೇಕಾದರೂ ಗೆರಿಟ್ ದಾಟಬೇಕು. ಅಲ್ಲಿ ಜೂಲ್ ಎಂಬ ತಂತ್ರಾಂಶ ಸರದಿ ಹಚ್ಚುತ್ತದೆ, ಜೆಂಕಿನ್ಸ್ ಎಂಬುದು ಕೆಲಸ ಮಾಡಿಸುತ್ತದೆ. ಜೆಂಕಿನ್ಸ್‌ನ ಕೈಕೆಳಗೆ ಏಜೆಂಟ್ ಎಂದು ಕರೆಯುವ ಹಲವು ಯಂತ್ರಗಳಿವೆ. ಅವುಗಳಲ್ಲೊಂದು ಹೊಸ ಫೋಲ್ಡರ್ ತೆರೆದು, ಮೂಲ ಕೋಡನ್ನು ಇಳಿಸಿಕೊಂಡು, ಅದಕ್ಕೆ ಬೇಕಾದ ಹೊರಗಿನ ಲೈಬ್ರರಿಗಳನ್ನು ತಂದು ಜೋಡಿಸಿ, ಟೆಸ್ಟ್‌ಗಳನ್ನು ಓಡಿಸಿ, ಪಾಸೋ ಫೇಲೋ ಹೇಳುತ್ತದೆ. ಇಷ್ಟೂ ಸೇರಿ ಒಂದು ಬಿಲ್ಡ್. ಬದಲಾದದ್ದು ಒಂದು ಪದ. ಅದನ್ನು ಪರೀಕ್ಷಿಸಲು ಡಿಸ್ಕ್ ಮೇಲೆ ಇಳಿದದ್ದು ಸಾವಿರಾರು ಕಡತ.

ಬದಲಾವಣೆಗಳನ್ನು ತಿಂಗಳುಗಟ್ಟಲೆ ಕೂಡಿಟ್ಟು ಕೊನೆಗೆ ಒಮ್ಮೆಲೇ ಜೋಡಿಸುವ ಬದಲು ದಿನದಿನವೂ ಜೋಡಿಸಿ ಪರೀಕ್ಷಿಸುವ ಈ ಪದ್ಧತಿಯನ್ನು ಕಂಟಿನ್ಯುಯಸ್ ಇಂಟಿಗ್ರೇಷನ್ ಎನ್ನುತ್ತಾರೆ. ನಮ್ಮ ಎಂಜಿನಿಯರುಗಳ ಬಾಯಲ್ಲಿ ಬರೀ ಸಿಐ. 1990ರ ದಶಕದ ಕೊನೆಯಲ್ಲಿ ಕೆಂಟ್ ಬೆಕ್ ಮತ್ತು ಸಂಗಡಿಗರು ಇದನ್ನು ಒಳ್ಳೆಯ ಪ್ರೋಗ್ರಾಮಿಂಗಿನ ನಿಯಮವಾಗಿ ಸಾರಿದರು. 2004ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿದ್ದ ಕೊಹ್ಸುಕೆ ಕವಾಗುಚಿ, ತಮ್ಮ ಕೋಡಿನಿಂದ ಬಿಲ್ಡ್ ಮುರಿದದ್ದು ಸಹೋದ್ಯೋಗಿಗಳಿಗೆ ಗೊತ್ತಾಗುವ ಮೊದಲು ತಮಗೇ ಗೊತ್ತಾಗಲಿ ಎಂದು ಹಡ್ಸನ್ ಎಂಬ ಸಲಕರಣೆ ಬರೆದರು. ಸನ್ ಕಂಪನಿಯನ್ನು 2010ರಲ್ಲಿ ಒರಾಕಲ್ ಕೊಂಡಿತು, ಹೆಸರಿನ ಹಕ್ಕಿನ ತಗಾದೆ ಎದ್ದಿತು, 2011ರಲ್ಲಿ ಬಳಕೆದಾರರ ಬಳಗ ಅದಕ್ಕೆ ಜೆಂಕಿನ್ಸ್ ಎಂದು ಹೆಸರಿಟ್ಟುಕೊಂಡು ಹೊರಬಂತು. ಬೆಂಗಳೂರಿನ ಎಷ್ಟೋ ಕಚೇರಿಗಳಲ್ಲಿ ಇಂದಿಗೂ ಬಿಲ್ಡ್ ಓಡಿಸುವುದು ಅದೇ.

ಆ ಜೆಂಕಿನ್ಸ್‌ಗೆ ಒಂದು ಸ್ವಭಾವವಿದೆ. ನೀವಾಗಿ ಹೇಳದ ಹೊರತು ಅದು ಯಾವ ಬಿಲ್ಡಿನ ದಾಖಲೆಯನ್ನೂ ಅಳಿಸುವುದಿಲ್ಲ. ಒಂದನೇ ಬಿಲ್ಡಿನಿಂದ ಹತ್ತು ಸಾವಿರದ ಬಿಲ್ಡಿನವರೆಗೆ ಒಂದೊಂದಕ್ಕೂ ಒಂದು ಫೋಲ್ಡರ್, ಅದರೊಳಗೆ ನಡೆದದ್ದೆಲ್ಲ ಬರೆದಿರುವ ಲಾಗ್, ಜೊತೆಗೆ ಉಳಿಸಿಡಲು ಹೇಳಿದ್ದ ಕಡತಗಳು, ಎಲ್ಲವೂ ಇರುತ್ತವೆ. ಒಂದು ಲೆಕ್ಕ ಹಾಕಿ ನೋಡೋಣ. ಪ್ರತಿ ಬಿಲ್ಡ್ 2 ಜಿಬಿ ಉಳಿಸಿಹೋಗುತ್ತದೆ, ದಿನಕ್ಕೆ 40 ಬಿಲ್ಡ್ ಓಡುತ್ತವೆ ಎಂದಿಟ್ಟುಕೊಳ್ಳಿ. ದಿನಕ್ಕೆ 80 ಜಿಬಿ. 1 ಟಿಬಿಯ ಡಿಸ್ಕ್ ಹದಿಮೂರನೆಯ ದಿನ ಮುಗಿಯಿತು. ಸಣ್ಣ ತಂಡವೊಂದರ ಲೆಕ್ಕವಿದು. ಮೊಬೈಲ್ ಫೋನಿನ ಆಂಡ್ರಾಯ್ಡ್ ವ್ಯವಸ್ಥೆಯನ್ನು ಪೂರ್ತಿಯಾಗಿ ಮೂಲದಿಂದ ಕಟ್ಟುವವರಿಗೆ ಕೋಡ್ ಇಳಿಸಿಕೊಳ್ಳಲು 250 ಜಿಬಿ, ಕಟ್ಟಲು ಇನ್ನೊಂದು 150 ಜಿಬಿ ಬೇಕೆಂದು ಗೂಗಲ್ ಹೇಳುತ್ತದೆ. ಅಂಥ ಎರಡು ಮೂರು ಫೋಲ್ಡರ್ ಮರೆತುಬಿಟ್ಟರೆ ಸಾಕು, ಒಂದು ಯಂತ್ರ ಕೆಲಸಕ್ಕೆ ಬಾರದಂತಾಗುತ್ತದೆ.

ಡಿಸ್ಕ್ ತುಂಬಿದಾಗ ಏನಾಗುತ್ತದೆಂಬುದು ಈ ಕೆಲಸದಲ್ಲಿ ಇಲ್ಲದವರಿಗೆ ಸುಲಭಕ್ಕೆ ಹೊಳೆಯುವುದಿಲ್ಲ. ಕಂಪ್ಯೂಟರ್ ‘ನಾನು ತುಂಬಿಹೋಗಿದ್ದೇನೆ’ ಎಂದು ಒಮ್ಮೆ ಹೇಳಿ ಸುಮ್ಮನಾದರೆ ಚೆನ್ನಾಗಿತ್ತು. ಹಾಗಾಗುವುದಿಲ್ಲ. ಟೆಸ್ಟ್ ಅರ್ಧ ಓಡಿ ಬೀಳುತ್ತದೆ. ಡೇಟಾಬೇಸ್ ಎದ್ದೇಳುವುದಿಲ್ಲ. ಲಾಗ್ ಬರೆಯಲೇ ಜಾಗವಿಲ್ಲದ್ದರಿಂದ ಕಾರಣ ಎಲ್ಲೂ ದಾಖಲಾಗುವುದಿಲ್ಲ. ಪರದೆಯ ಮೇಲೆ ಕಾಣುವುದು ಕೆಂಪು ಗುರುತು, ಅದರ ಪಕ್ಕದಲ್ಲಿ ಆ ಬದಲಾವಣೆ ಕಳಿಸಿದವರ ಹೆಸರು. ತಿಂಗಳ ಹಿಂದೆ ಸೇರಿದ ಹುಡುಗಿಯೊಬ್ಬಳು ತನ್ನ ಕೋಡಿನಲ್ಲಿ ಇಲ್ಲದ ತಪ್ಪನ್ನು ಮಧ್ಯರಾತ್ರಿವರೆಗೆ ಹುಡುಕುತ್ತಾಳೆ. ಈ ಅನ್ಯಾಯ ನನ್ನನ್ನು ಜಾಗದ ಖರ್ಚಿಗಿಂತ ಹೆಚ್ಚು ಕಾಡುತ್ತದೆ. ಡಿಸ್ಕ್ ಕೊಳ್ಳಬಹುದು, ತನ್ನ ಕೆಲಸದ ಮೇಲೆ ತಾನೇ ಅನುಮಾನ ಪಟ್ಟ ಆ ರಾತ್ರಿಯನ್ನು ಆಕೆಗೆ ವಾಪಸು ಕೊಡಲಾಗದು.

ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯದ ತಂಡ ಇದಕ್ಕೆ ಮಾಡಿಕೊಂಡಿರುವ ಏರ್ಪಾಡು ನನಗೆ ಮೆಚ್ಚುಗೆ. ಅವರ ಜೆಂಕಿನ್ಸ್‌ನಲ್ಲಿ ‘ಮೇಂಟೆನೆನ್ಸ್-ಡಿಸ್ಕನೆಕ್ಟ್-ಫುಲ್-ಡಿಸ್ಕ್ಸ್’ ಎಂಬ ಹೆಸರಿನ ಕೆಲಸವೊಂದಿದೆ. ಅದು ಏಜೆಂಟ್ ಯಂತ್ರಗಳ ಡಿಸ್ಕ್ ಎಷ್ಟು ತುಂಬಿದೆ ಎಂದು ನೋಡಿ, ಮಿತಿ ಮೀರಿದ್ದನ್ನು ಸರದಿಯಿಂದ ಹೊರಗಿಡುತ್ತದೆ. ಯಾವ ಯಂತ್ರ, ಅದರ ಯಾವ ಭಾಗ ಶೇಕಡ ಎಷ್ಟು ತುಂಬಿದೆ ಎಂದು ತಂಡದ ಚಾಟ್ ವಾಹಿನಿಯಲ್ಲಿ ಎಲ್ಲರಿಗೂ ಕಾಣುವಂತೆ ಹಾಕುತ್ತದೆ. ಜಾಗ ಬಿಡುವಾದ ಮೇಲೆ ಯಂತ್ರ ಚೇತರಿಸಿತೆಂದೂ ತಿಳಿಸುತ್ತದೆ. ಇಲ್ಲಿ ಮೊದಲ ಹೆಜ್ಜೆ ಅಳಿಸುವುದಲ್ಲ, ಆ ಯಂತ್ರಕ್ಕೆ ಹೊಸ ಬಿಲ್ಡ್ ಹೋಗದಂತೆ ತಡೆಯುವುದು. ಕನ್ನಡದ ಒಂದು ಪದ ಸೇರಿಸಿದವರ ಬದಲಾವಣೆ ಯಾವುದೋ ಯಂತ್ರದ ಡಿಸ್ಕ್ ತುಂಬಿದ ಕಾರಣಕ್ಕೆ ಫೇಲಾಗಬಾರದು ಎಂಬ ಕಾಳಜಿ ಅದರಲ್ಲಿದೆ. ಜೆಂಕಿನ್ಸ್ ತಾನಾಗಿಯೂ ಖಾಲಿ ಜಾಗ 1 ಜಿಬಿಗಿಂತ ಕೆಳಗಿಳಿದ ಏಜೆಂಟನ್ನು ಆಫ್‌ಲೈನ್ ಮಾಡುತ್ತದೆ. ಆದರೆ ಇಂದಿನ ಬಿಲ್ಡ್‌ಗಳಿಗೆ 1 ಜಿಬಿ ಎಂಬ ಮಿತಿ ತೀರಾ ಕಡಿಮೆ. ಒಂದು ಬಿಲ್ಡ್ ಶುರುವಾಗಿ ಮುಗಿಯುವುದರೊಳಗೆ ಅದಕ್ಕೂ ಹೆಚ್ಚು ತಿಂದುಬಿಡುತ್ತದೆ.

ಇದನ್ನೆಲ್ಲ ಸಕಲೇಶಪುರ, ಆಲೂರಿನ ಗುಡ್ಡಗಳಲ್ಲಿ ಕೂತು ಏಕೆ ಯೋಚಿಸಬೇಕು? 2020ರ ಲಾಕ್‌ಡೌನ್ ಹೊತ್ತಿಗೆ ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಿಂದ ಬಂದ ಮಕ್ಕಳು ಕಾಫಿ ತೋಟದ ಮನೆಗಳ ಜಗುಲಿಯಲ್ಲಿ, ಅಟ್ಟದ ಮೇಲೆ, ಸಿಗ್ನಲ್ ಸಿಕ್ಕಲ್ಲೆಲ್ಲ ಮೇಜು ಹಾಕಿಕೊಂಡು ಕೂತರು. ಕೆಲವರು ವಾಪಸು ಹೋದರು. ವಾರದಲ್ಲಿ ಎರಡು ದಿನ ಕಚೇರಿ, ಉಳಿದ ದಿನ ಊರು ಎಂದುಕೊಂಡವರೂ ಇದ್ದಾರೆ. ಅವರ ಕೈಯಲ್ಲಿರುವ ಸರ್ವರ್‌ಗಳು ಬೆಂಗಳೂರಿನಲ್ಲೋ ಮುಂಬೈಯಲ್ಲೋ ಅಮೆರಿಕದಲ್ಲೋ ಇರುತ್ತವೆ. ಜುಲೈಯಲ್ಲಿ ಘಟ್ಟದ ಕಡೆಯಿಂದ ಮಳೆ ಹಿಡಿದರೆ ಹೆತ್ತೂರು, ಯಸಳೂರು, ಹಾನುಬಾಳಿನ ಕಡೆ ತಂತಿಯ ಮೇಲೆ ಮರ ಬೀಳುತ್ತದೆ, ಕರೆಂಟ್ ಹೋಗುತ್ತದೆ, ಸ್ವಲ್ಪ ಹೊತ್ತಿಗೆ ಟವರಿನ ಬ್ಯಾಟರಿಯೂ ಇಳಿಯುತ್ತದೆ. ಅಂಥ ರಾತ್ರಿ ಸರ್ವರಿನ ಡಿಸ್ಕ್ ತುಂಬಿದರೆ ಲಾಗಿನ್ ಆಗಿ ಹಳೆಯ ಫೋಲ್ಡರ್‌ಗಳನ್ನು ಕೈಯಾರೆ ಅಳಿಸಲು ಯಾರಿಂದಲೂ ಆಗದು. ಆದರೂ ಎಷ್ಟೋ ತಂಡಗಳಲ್ಲಿ ಈ ಕೆಲಸ ಒಬ್ಬರ ನೆನಪಿನ ಮೇಲೆ, ಒಬ್ಬರ ಫೋನಿನ ಮೇಲೆ ನಿಂತಿದೆ. ಊರಿನಲ್ಲಿದ್ದು ದುಡಿಯುವ ಹಕ್ಕು ನಮ್ಮ ಹುಡುಗ ಹುಡುಗಿಯರಿಗೆ ಉಳಿಯಬೇಕಾದರೆ ಇಂಥ ಕೆಲಸಗಳು ಮನುಷ್ಯರ ಕೈಯಿಂದ ನಿಯಮದ ಕೈಗೆ ಹೋಗಬೇಕು. ಇದು ನನ್ನ ಗಟ್ಟಿ ಅಭಿಪ್ರಾಯ.

ನಿಯಮ ಮಾಡುವುದು ಹೇಗೆ? ಜೆಂಕಿನ್ಸ್‌ನಲ್ಲಿ ಪ್ರತಿ ಕೆಲಸಕ್ಕೂ ಹಳೆಯ ಬಿಲ್ಡ್‌ಗಳನ್ನು ತೆಗೆದುಹಾಕುವ ಆಯ್ಕೆ ಇದೆ. ಎಷ್ಟು ದಿನ ಇಡಬೇಕು, ಎಷ್ಟು ಬಿಲ್ಡ್ ಇಡಬೇಕು ಎಂದು ಎರಡು ಅಂಕಿ ಕೊಡಬಹುದು. ಅದಕ್ಕಿಂತ ಉಪಯುಕ್ತವಾದದ್ದು ಅದರ ಕೆಳಗೆ ಅಡಗಿರುವ ಇನ್ನೆರಡು ಅಂಕಿ: ಬಿಲ್ಡಿನ ದಾಖಲೆಯನ್ನು ಒಂದು ಅವಧಿಗೆ, ಅದು ಹುಟ್ಟಿಸಿದ ದೊಡ್ಡ ಕಡತಗಳನ್ನು ಇನ್ನೂ ಚಿಕ್ಕ ಅವಧಿಗೆ ಇಡುವ ಅವಕಾಶ. ಹೀಗೆ ಬೇರೆ ಮಾಡುವುದು ಏಕೆ ಮುಖ್ಯ ಎಂಬುದನ್ನು ಈ ಭಾಗದವರಿಗೆ ಆನೆಯ ಎಸ್ಸೆಮ್ಮೆಸ್ ನೆನೆದು ಹೇಳಬಹುದು. ಕಾಡಾನೆ ಹಿಂಡು ಇಂಥ ತೋಟದಲ್ಲಿದೆ ಎಂದು ಅರಣ್ಯ ಇಲಾಖೆಯಿಂದ ಸಂಜೆ ಬಂದ ಸಂದೇಶ ಮರುದಿನ ಬೆಳಿಗ್ಗೆ ತೋಟಕ್ಕೆ ಹೊರಟವರಿಗೆ ಉಪಯೋಗಕ್ಕಿಲ್ಲ. ಅದನ್ನೇ ನಂಬಿ ಹೋದರೆ ಅಪಾಯವೂ ಹೌದು. ಆದರೆ ಆ ಹಿಂಡು ಯಾವ ತಿಂಗಳು ಯಾವ ದಾರಿ ಹಿಡಿಯಿತು ಎಂಬ ವರ್ಷಗಳ ದಾಖಲೆ ಇಲಾಖೆಯ ಬಳಿ ಇರಲೇಬೇಕು. ಬಿಲ್ಡಿನಲ್ಲೂ ಅಷ್ಟೆ. ಟೆಸ್ಟ್ ಓಡಿದ ಫೋಲ್ಡರ್ ಕೆಲವೇ ಗಂಟೆಗಳ ಸಾಮಾನು. ಯಾವ ದಿನ, ಯಾವ ಕೋಡಿನ ಮೇಲೆ, ಯಾವ ಟೆಸ್ಟ್ ಫೇಲಾಯಿತು ಎಂಬ ಕೆಲವು ಕೆಬಿಯ ಲಾಗ್ ವರ್ಷ ಕಳೆದರೂ ಬೇಕಾಗುವ ದಾಖಲೆ.

ಅವಧಿಯ ಅಂಕಿ ಇಷ್ಟೇ ಇರಬೇಕೆಂದು ಎಲ್ಲರಿಗೂ ಒಂದೇ ಉತ್ತರವಿಲ್ಲ. ಕೋಡ್ ಇಡುವ ತಾಣವಾದ ಗಿಟ್‌ಹಬ್ ತನ್ನ ಸಿಐ ಸೇವೆಯಲ್ಲಿ ಲಾಗ್ ಮತ್ತು ಕಡತಗಳನ್ನು ತಾನಾಗಿ 90 ದಿನ ಇಡುತ್ತದೆ. ಮತ್ತೆ ಮತ್ತೆ ಇಳಿಸಬಾರದೆಂದು ಕೂಡಿಟ್ಟ ಕಡತಗಳಾದ ಕ್ಯಾಶ್ ಅನ್ನು ಏಳು ದಿನ ಯಾರೂ ಮುಟ್ಟದಿದ್ದರೆ ತೆಗೆದುಹಾಕುತ್ತದೆ. ಅಂಥದೇ ತಾಣವಾದ ಗಿಟ್‌ಲ್ಯಾಬ್‌ನ ಸೇವೆಯಲ್ಲಿ ಕಡತಗಳಿಗೆ 30 ದಿನ, ಆದರೆ ಬ್ರಾಂಚ್ ಎಂದು ಕರೆಯುವ, ಕೋಡಿನ ಪ್ರತಿ ಕವಲಿನ ತೀರಾ ಈಚಿನದನ್ನು ಅವಧಿ ಮುಗಿದರೂ ಉಳಿಸಿಕೊಳ್ಳುತ್ತದೆ. ಜೆಂಕಿನ್ಸ್ ಕೂಡ ಕೊನೆಯದಾಗಿ ಪಾಸಾದ ಬಿಲ್ಡನ್ನು ಹಳೆಯದೆಂದು ಅಳಿಸುವುದಿಲ್ಲ. ಇದು ಬಹಳ ವಿವೇಕದ ನಿಯಮ. ಆರು ತಿಂಗಳಿಂದ ಯಾರೂ ಮುಟ್ಟದ ಪ್ರಾಜೆಕ್ಟಿನಲ್ಲಿ ಎಲ್ಲವೂ ಹಳೆಯದೇ. ಬರೀ ವಯಸ್ಸು ನೋಡಿ ಅಳಿಸಿದರೆ ಚೆನ್ನಾಗಿ ಕೆಲಸ ಮಾಡುತ್ತಿದ್ದ ಕೊನೆಯ ಪ್ರತಿಯೂ ಹೋಗುತ್ತದೆ. ಹಾಗಾಗಿ ‘14 ದಿನಕ್ಕಿಂತ ಹಳೆಯ ದೊಡ್ಡ ಕಡತಗಳನ್ನು ಅಳಿಸು, ಆದರೆ ಕೊನೆಯ ಐದು ಬಿಲ್ಡಿನವನ್ನು ಎಷ್ಟೇ ಹಳೆಯವಾದರೂ ಮುಟ್ಟಬೇಡ’ ಎಂಬ ಜೋಡಿ ನಿಯಮವೇ ನನಗೆ ಸರಿ ಕಾಣುತ್ತದೆ.

ದಾಖಲೆಯ ಫೋಲ್ಡರ್‌ಗಳಿಗೆ ನಿಯಮ ಹಾಕಿದವರು ಬಹಳ ಸಲ ಅಲ್ಲಿಗೇ ನಿಲ್ಲುತ್ತಾರೆ. ನಿಜವಾದ ಭಾರ ಇರುವುದು ಬೇರೆ ಕಡೆ. ಜೆಂಕಿನ್ಸ್‌ನ ಮುಖ್ಯ ಸರ್ವರಿನಲ್ಲಿ ದಾಖಲೆ ಇರುತ್ತದೆ. ಕೋಡ್ ಇಳಿಸಿ, ಕಟ್ಟಿ, ಟೆಸ್ಟ್ ಮಾಡಿದ ವರ್ಕ್‌ಸ್ಪೇಸ್ ಎಂಬ ಫೋಲ್ಡರ್ ಏಜೆಂಟ್ ಯಂತ್ರದಲ್ಲಿ ಇರುತ್ತದೆ. ಬಿಲ್ಡ್‌ಗಳನ್ನು ತೆಗೆದುಹಾಕು ಎಂಬ ಆಯ್ಕೆ ಈ ವರ್ಕ್‌ಸ್ಪೇಸನ್ನು ಮುಟ್ಟುವುದೇ ಇಲ್ಲ. ಒಂದೇ ಕೆಲಸ ಒಂದೇ ಹೊತ್ತಿಗೆ ಎರಡು ಸಲ ಓಡಿದರೆ ಎರಡನೆಯದಕ್ಕೆ ಹೆಸರಿನ ಕೊನೆಗೆ 2 ಎಂಬ ಅಂಕಿ ಸೇರಿದ ಇನ್ನೊಂದು ವರ್ಕ್‌ಸ್ಪೇಸ್ ಹುಟ್ಟುತ್ತದೆ, ಮೂರಾದರೆ ಮತ್ತೊಂದು. ಒಂದು ಬ್ರಾಂಚಿನ ಕೆಲಸ ಮುಗಿದು ಅದನ್ನು ಅಳಿಸಿದ ಹೊತ್ತಿಗೆ ಏಜೆಂಟ್ ಆಫ್‌ಲೈನ್ ಇದ್ದರೆ ಅದರ ವರ್ಕ್‌ಸ್ಪೇಸ್ ದಿಕ್ಕಿಲ್ಲದೆ ಅಲ್ಲೇ ಉಳಿಯುತ್ತದೆ. ಜೆಂಕಿನ್ಸ್‌ನೊಳಗೆ ದಿನಕ್ಕೊಮ್ಮೆ ಓಡಿ 30 ದಿನ ಬಳಸದ ವರ್ಕ್‌ಸ್ಪೇಸ್ ತೆಗೆಯುವ ಪುಟ್ಟ ವ್ಯವಸ್ಥೆ ಮೊದಲಿನಿಂದಲೂ ಇದೆ. ಆದರೆ ಕೊನೆಯ ಬಿಲ್ಡ್ ಓಡಿದ ಯಂತ್ರದ ವರ್ಕ್‌ಸ್ಪೇಸನ್ನು ಅದು ಬಿಟ್ಟುಬಿಡುತ್ತದೆ. ಅದೊಂದನ್ನೇ ನಂಬಿ ಕೂರುವಂತಿಲ್ಲ. ಬಿಲ್ಡ್ ಮುಗಿಯುತ್ತಿದ್ದಂತೆ, ಪಾಸಾಗಲಿ ಫೇಲಾಗಲಿ, ವರ್ಕ್‌ಸ್ಪೇಸ್ ಒರೆಸುವ ಸಾಲನ್ನು ಬಿಲ್ಡಿನ ವಿವರಣೆಯಲ್ಲೇ ಬರೆಯುವುದು ಮೇಲು.

ಇಲ್ಲೊಂದು ಆಕ್ಷೇಪ ಬರುತ್ತದೆ, ಅದು ನ್ಯಾಯವಾದದ್ದು. ಪ್ರತಿ ಸಲ ಒರೆಸಿದರೆ ಪ್ರತಿ ಸಲವೂ ಎಲ್ಲವನ್ನೂ ಮತ್ತೆ ಇಳಿಸಬೇಕು, ಬಿಲ್ಡ್ ನಿಧಾನವಾಗುತ್ತದೆ. ನಿಜ. ಆದರೆ ಒರೆಸದೆ ಬಿಟ್ಟಾಗ ಆಗುವ ಇನ್ನೊಂದು ಕೇಡು ಡಿಸ್ಕ್ ತುಂಬುವುದಕ್ಕಿಂತ ದೊಡ್ಡದು. ಮೂಲ ಕೋಡಿನಿಂದ ಒಂದು ಕಡತವನ್ನು ತೆಗೆದುಹಾಕಿದ್ದರೂ ಅದರಿಂದ ಹಿಂದೆ ಹುಟ್ಟಿದ ಕಡತ ಹಳೆಯ ವರ್ಕ್‌ಸ್ಪೇಸಿನಲ್ಲಿ ಉಳಿದಿರುತ್ತದೆ. ಹೊಸ ಕೋಡ್ ಅದನ್ನೇ ಹಿಡಿದು ಓಡುತ್ತದೆ, ಟೆಸ್ಟ್ ಪಾಸಾಗುತ್ತದೆ, ಗ್ರಾಹಕರ ಬಳಿ ಹೋದಾಗ ಬೀಳುತ್ತದೆ. ಪರೀಕ್ಷೆಯೇ ಸುಳ್ಳು ಹೇಳಿದಂತಾಯಿತು. ಬಿಲ್ಡಿಗೆಂದು ತಂದ ಪಾಸ್‌ವರ್ಡ್‌ಗಳು, ಟೋಕನ್‌ಗಳು ಅಲ್ಲೇ ಬಿದ್ದಿರುವುದು ಮತ್ತೊಂದು ಭಯ. ಇಳಿಸಿದ ಲೈಬ್ರರಿಗಳನ್ನು ಬೇರೆಯೇ ಒಂದು ಕ್ಯಾಶ್ ಫೋಲ್ಡರಿನಲ್ಲಿ ಇಟ್ಟುಕೊಂಡು, ಕಟ್ಟಿದ್ದನ್ನು ಮಾತ್ರ ಪ್ರತಿ ಸಲ ಒರೆಸಿದರೆ ವೇಗವೂ ಉಳಿಯುತ್ತದೆ, ನಂಬಿಕೆಯೂ ಉಳಿಯುತ್ತದೆ. ಆ ಕ್ಯಾಶ್‌ಗೂ ತನ್ನದೇ ಅವಧಿ ಬೇಕು, ಇಲ್ಲವಾದರೆ ಅದೇ ಒಂದು ದಿನ ಡಿಸ್ಕ್ ತುಂಬುತ್ತದೆ.

ಜೆಂಕಿನ್ಸ್‌ನ ಆಯ್ಕೆಗಳು ಸಾಲದೆಂದು ಅನೇಕರು ಸ್ವಂತ ಸ್ಕ್ರಿಪ್ಟ್ ಬರೆಯುತ್ತಾರೆ. ಲಿನಕ್ಸ್‌ನಲ್ಲಿ ‘ಫೈಂಡ್’ ಎಂಬ ಆಜ್ಞೆಗೆ ಇಷ್ಟು ದಿನಕ್ಕಿಂತ ಹಳೆಯದನ್ನು ಹುಡುಕಿ ಅಳಿಸು ಎಂದು ಒಂದೇ ಸಾಲಿನಲ್ಲಿ ಹೇಳಬಹುದು. ಆ ಸಾಲನ್ನು ರಾತ್ರಿ ತಾನಾಗಿ ಓಡುವಂತೆ ಇಟ್ಟು ಮಲಗಬಹುದು. ಎಚ್ಚರ ಬೇಕಾದದ್ದು ಇಲ್ಲೇ. ಒಂದು ಫೋಲ್ಡರಿನ ‘ಕೊನೆಯ ಬದಲಾವಣೆಯ ವೇಳೆ’ ಬದಲಾಗುವುದು ಅದರ ನೇರ ಒಳಗೆ ಏನಾದರೂ ಹೊಸದು ಹುಟ್ಟಿದಾಗ, ಅಳಿದಾಗ ಅಥವಾ ಹೆಸರು ಬದಲಾದಾಗ ಮಾತ್ರ. ಅದರೊಳಗಿನ ಫೋಲ್ಡರಿನ ಒಳಗಿನ ಫೋಲ್ಡರಿನಲ್ಲಿ ಈ ಕ್ಷಣ ನೂರು ಕಡತ ಬರೆಯುತ್ತಿದ್ದರೂ ಮೇಲಿನದರ ತಾರೀಖು ತಿಂಗಳ ಹಿಂದಿನದೇ ಇರಬಹುದು. ಅದನ್ನು ನಂಬಿದ ಸ್ಕ್ರಿಪ್ಟ್ ಓಡುತ್ತಿರುವ ಬಿಲ್ಡಿನ ಕೆಳಗಿನ ನೆಲವನ್ನೇ ಕಿತ್ತುಬಿಡುತ್ತದೆ. ಆದ್ದರಿಂದ ತಾರೀಖನ್ನು ಫೋಲ್ಡರಿನಿಂದಲ್ಲ, ಜೆಂಕಿನ್ಸ್‌ನ ದಾಖಲೆಯಿಂದ ಕೇಳಬೇಕು: ಈ ಕೆಲಸ ಕೊನೆಗೆ ಓಡಿದ್ದು ಯಾವಾಗ, ಈಗ ಓಡುತ್ತಿದೆಯೋ ಇಲ್ಲವೋ.

ರಾತ್ರಿ ಎಂಬುದೂ ನಮ್ಮ ರಾತ್ರಿ ಮಾತ್ರ. ಬೆಂಗಳೂರಿನ ತಂಡ ಯಾರೂ ಇರದ ಹೊತ್ತೆಂದು ರಾತ್ರಿ 2 ಗಂಟೆಗೆ ಸ್ಕ್ರಿಪ್ಟ್ ಇಟ್ಟರೆ ಕ್ಯಾಲಿಫೋರ್ನಿಯಾದಲ್ಲಿ ಆಗ ಹಿಂದಿನ ದಿನದ ಮಧ್ಯಾಹ್ನ, ಬೇಸಿಗೆಯಲ್ಲಿ ಒಂದೂವರೆ, ಚಳಿಗಾಲದಲ್ಲಿ ಹನ್ನೆರಡೂವರೆ. ಅಲ್ಲಿನವರ ಬಿಲ್ಡ್‌ಗಳು ಆಗ ಜೋರಾಗಿ ಓಡುತ್ತಿರುತ್ತವೆ. ಲಕ್ಷಾಂತರ ಸಣ್ಣ ಕಡತ ಅಳಿಸುವುದು ಡಿಸ್ಕಿಗೆ ಹಗುರ ಕೆಲಸವಲ್ಲ.

ಸಣ್ಣ ಕಡತಗಳ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಅರ್ಧ ಡಿಸ್ಕ್ ಖಾಲಿ ಎಂದು ತೋರಿಸುತ್ತಿದ್ದರೂ ‘ಜಾಗವಿಲ್ಲ’ ಎಂಬ ದೂರು ಬರುವುದುಂಟು. ಲಿನಕ್ಸ್‌ನ ಸಾಮಾನ್ಯ ಕಡತ ವ್ಯವಸ್ಥೆಯಾದ ಎಕ್ಸ್‌ಟ್4ರಲ್ಲಿ ಒಟ್ಟು ಎಷ್ಟು ಕಡತ ಇರಬಹುದೆಂಬ ಮಿತಿ ಡಿಸ್ಕನ್ನು ಸಿದ್ಧಪಡಿಸಿದ ದಿನವೇ ನಿಗದಿಯಾಗಿರುತ್ತದೆ. ಪ್ರತಿ ಕಡತಕ್ಕೂ ಐನೋಡ್ ಎಂಬ ಒಂದು ನೋಂದಣಿ ಬೇಕು. ಜಾವಾಸ್ಕ್ರಿಪ್ಟ್ ಪ್ರಾಜೆಕ್ಟಿನ ಒಂದೊಂದು ವರ್ಕ್‌ಸ್ಪೇಸಿನಲ್ಲಿ ಹತ್ತಾರು ಸಾವಿರ ಪುಟಾಣಿ ಕಡತಗಳಿರುತ್ತವೆ. ಜಿಬಿ ಮುಗಿಯುವ ಮೊದಲೇ ಐನೋಡ್ ಮುಗಿಯುತ್ತದೆ. ಡಿಸ್ಕನ್ನು ಕಾಯುವ ವ್ಯವಸ್ಥೆ ಎರಡನ್ನೂ ನೋಡುತ್ತಿರಬೇಕು.

ತಾನಾಗಿ ಅಳಿಸುವ ಸ್ಕ್ರಿಪ್ಟ್ ದಾರಿ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದ್ದು ಮರೆಯಬಾರದ ಪ್ರಸಂಗ. ಅಲ್ಲಿನ ಸೂಪರ್ ಕಂಪ್ಯೂಟರಿನ ಬ್ಯಾಕಪ್ ವ್ಯವಸ್ಥೆಯಲ್ಲಿ 10 ದಿನಕ್ಕಿಂತ ಹಳೆಯ ಲಾಗ್ ಕಡತಗಳನ್ನು ಅಳಿಸುವ ಸ್ಕ್ರಿಪ್ಟ್ ಇತ್ತು. ಯಂತ್ರ ಒದಗಿಸಿದ್ದ ಹ್ಯೂಲೆಟ್ ಪ್ಯಾಕರ್ಡ್ ಎಂಟರ್‌ಪ್ರೈಸ್‌ನ ಜಪಾನ್ ಶಾಖೆ ಅದನ್ನು ಓದಲು ಸುಲಭವಾಗುವಂತೆ ತಿದ್ದಿತು. ತಿದ್ದಿದ್ದನ್ನು ಹಳೆಯದರ ಮೇಲೆ ಬರೆದಾಗ ಹಳೆಯ ಸ್ಕ್ರಿಪ್ಟ್ ಇನ್ನೂ ಓಡುತ್ತಿತ್ತು. ಬ್ಯಾಶ್ ಎಂಬ ಶೆಲ್ ಸ್ಕ್ರಿಪ್ಟನ್ನು ಮೊದಲೇ ಪೂರ್ತಿ ಓದಿಕೊಳ್ಳದೆ ಓಡುತ್ತೋಡುತ್ತ ಓದುತ್ತದೆ; ಹಾಗಾಗಿ ನಡುವಿನಿಂದ ಹೊಸ ಸ್ಕ್ರಿಪ್ಟನ್ನು ಓದತೊಡಗಿತು. ಎಲ್ಲಿ ಅಳಿಸಬೇಕೆಂದು ಹೇಳುವ ವೇರಿಯಬಲ್‌ಗೆ ಬೆಲೆಯೇ ಬಂದಿರಲಿಲ್ಲ. ಲಾಗ್ ಕಡತಗಳ ಬದಲು ಸಂಶೋಧಕರ ಕಡತಗಳು ಅಳಿದವು. 2021ರ ಡಿಸೆಂಬರ್ 14ರಿಂದ 16ರ ನಡುವೆ ಹೋದದ್ದು 77 ಟಿಬಿ, ಸುಮಾರು 3 ಕೋಟಿ 40 ಲಕ್ಷ ಕಡತ. 14 ಸಂಶೋಧನಾ ತಂಡಗಳಿಗೆ ಏಟು ಬಿತ್ತು, ಅವುಗಳಲ್ಲಿ ನಾಲ್ಕರ ಕಡತಗಳನ್ನು ಮರಳಿ ತರಲಾಗಲಿಲ್ಲ. ಕಂಪನಿ ಹೊಣೆ ಹೊತ್ತುಕೊಂಡಿತು. ಆದರೆ ವರ್ಷಗಟ್ಟಲೆ ದುಡಿದು ಪಡೆದ ಫಲಿತಾಂಶ ಕಳೆದುಕೊಂಡವರ ನಷ್ಟಕ್ಕೆ ಅದು ಸಮವಾಗುವುದೆಂದು ನಾನು ನಂಬಲಾರೆ.

2015ರ ಜನವರಿಯಲ್ಲಿ ಸ್ಟೀಮ್ ಎಂಬ ಆಟಗಳ ತಂತ್ರಾಂಶದ ಲಿನಕ್ಸ್ ಆವೃತ್ತಿಯಲ್ಲೂ ಇಂಥದೇ ದೋಷ ಬಯಲಾಯಿತು. ಫೋಲ್ಡರಿನ ಹೆಸರು ಇರಬೇಕಾದ ವೇರಿಯಬಲ್ ಖಾಲಿಯಾಗಿ, ‘ಆ ಫೋಲ್ಡರಿನಲ್ಲಿರುವುದೆಲ್ಲವನ್ನೂ ಅಳಿಸು’ ಎಂಬ ಆಜ್ಞೆ ‘ಕಂಪ್ಯೂಟರಿನಲ್ಲಿರುವುದೆಲ್ಲವನ್ನೂ ಅಳಿಸು’ ಎಂದಾಯಿತು. ಎರಡೂ ಪ್ರಸಂಗಗಳಲ್ಲಿ ಆದದ್ದು ಒಂದೇ: ಎಲ್ಲಿ ಎಂಬ ಪ್ರಶ್ನೆಗೆ ಉತ್ತರವಿಲ್ಲದಿದ್ದರೂ ಸ್ಕ್ರಿಪ್ಟ್ ಮುಂದುವರಿಯಿತು. ಬೆಲೆಯಿಲ್ಲದ ವೇರಿಯಬಲ್ ಕಂಡೊಡನೆ ನಿಂತುಬಿಡು ಎಂದು ಬ್ಯಾಶ್‌ಗೆ ಮೊದಲ ಸಾಲಿನಲ್ಲೇ ಹೇಳಬಹುದು. ಅಳಿಸುವ ಹಾದಿ ವರ್ಕ್‌ಸ್ಪೇಸಿನ ಒಳಗೇ ಇದೆಯೇ ಎಂದು ನೋಡಿಯೇ ಮುಂದೆ ಹೋಗುವಂತೆ ಬರೆಯಬಹುದು. ಆ ಸ್ಕ್ರಿಪ್ಟ್ ಓಡುವ ಖಾತೆಗೆ ಬಿಲ್ಡ್ ಫೋಲ್ಡರ್‌ಗಳ ಹೊರಗೆ ಏನನ್ನೂ ಅಳಿಸುವ ಅಧಿಕಾರವೇ ಇಲ್ಲದಂತೆ ಮಾಡಬಹುದು. ಈ ಮೂರರಲ್ಲಿ ಕೊನೆಯದರ ಮೇಲೆ ನನಗೆ ಹೆಚ್ಚು ಭರವಸೆ. ಬರೆಯುವವರು ಎಷ್ಟೇ ಜಾಣರಿದ್ದರೂ ಒಂದು ದಿನ ದಣಿದಿರುತ್ತಾರೆ.

ಒಮ್ಮೆಗೇ ಅಳಿಸದೆ ಮೊದಲು ಹೆಸರು ಬದಲಿಸಿ ಪಕ್ಕಕ್ಕಿಡುವುದು ಇನ್ನೊಂದು ಒಳ್ಳೆಯ ಪದ್ಧತಿ. ಒಂದೇ ಡಿಸ್ಕಿನೊಳಗೆ ಹೆಸರು ಬದಲಿಸುವುದಕ್ಕೆ ಫೋಲ್ಡರ್ ಎಷ್ಟೇ ದೊಡ್ಡದಿದ್ದರೂ ಕಣ್ಣೆವೆಯಷ್ಟು ಹೊತ್ತು ಸಾಕು. ಜೆಂಕಿನ್ಸ್‌ನ ವರ್ಕ್‌ಸ್ಪೇಸ್ ಒರೆಸುವ ಪ್ಲಗಿನ್ ಮಾಡುವುದೂ ಇದನ್ನೇ: ಫೋಲ್ಡರಿಗೆ ಬೇರೆ ಹೆಸರಿಟ್ಟು ಬಿಲ್ಡನ್ನು ಬಿಟ್ಟುಕೊಡುತ್ತದೆ, ಅಳಿಸುವ ಕೆಲಸ ಹಿನ್ನೆಲೆಯಲ್ಲಿ ನಡೆಯುತ್ತದೆ. ಸ್ವಂತ ಸ್ಕ್ರಿಪ್ಟಿನಲ್ಲಿ ಹೀಗೆ ಪಕ್ಕಕ್ಕಿಟ್ಟದ್ದನ್ನು ಎರಡು ದಿನ ಬಿಟ್ಟು ಅಳಿಸಿದರೆ ತಪ್ಪು ತಿಳಿದವರಿಗೆ ಎರಡು ದಿನದ ಕಾಲಾವಕಾಶ ಸಿಗುತ್ತದೆ.

ಏನನ್ನು ಅಳಿಸಲೇಬಾರದು ಎಂಬ ಪಟ್ಟಿ ಚಿಕ್ಕದು, ಆದರೆ ಗಟ್ಟಿಯಾಗಿರಬೇಕು. ಗ್ರಾಹಕರ ಕೈಗೆ ಹೋದ ಬಿಲ್ಡ್ ಅದರಲ್ಲಿ ಮೊದಲನೆಯದು. ಬ್ಯಾಂಕಿನ ಆ್ಯಪ್ ಒಂದರ ಆವೃತ್ತಿ ಜನರ ಫೋನಿನಲ್ಲಿರುವಷ್ಟು ಕಾಲವೂ ಅದು ಹುಟ್ಟಿದ ಬಿಲ್ಡ್ ನಮ್ಮಲ್ಲಿರಬೇಕು. ಅಂಥದನ್ನು ಸಿಐ ಸರ್ವರಿನ ಡಿಸ್ಕಿನಲ್ಲಿ ಬಿಡದೆ ಅದಕ್ಕೆಂದೇ ಇರುವ ಭಂಡಾರಕ್ಕೆ ಸಾಗಿಸಬೇಕು. ‘ಕೋಡ್ ಇದೆಯಲ್ಲ, ಬೇಕಾದಾಗ ಮತ್ತೆ ಕಟ್ಟಿದರಾಯಿತು’ ಎನ್ನುವವರಿದ್ದಾರೆ. 2016ರ ಮಾರ್ಚ್‌ನಲ್ಲಿ ಲೆಫ್ಟ್‌ಪ್ಯಾಡ್ ಎಂಬ ಹತ್ತು ಹನ್ನೊಂದು ಸಾಲಿನ ಲೈಬ್ರರಿಯನ್ನು ಅದರ ಕರ್ತೃ ಸಾರ್ವಜನಿಕ ಭಂಡಾರದಿಂದ ಹಿಂತೆಗೆದುಕೊಂಡಾಗ ಜಗತ್ತಿನಾದ್ಯಂತ ಸಾವಿರಾರು ಬಿಲ್ಡ್ ಒಮ್ಮೆಗೇ ಮುರಿದವು. ನಮ್ಮ ಕೋಡ್ ಇದ್ದರೆ ಸಾಲದು, ಅದು ನೆಚ್ಚಿಕೊಂಡಿರುವ ಹೊರಗಿನವರ ಕೋಡೂ ಇರಬೇಕು. ಇನ್ನು ಕಾನೂನು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಕಂಪನಿಗಳು ತಮ್ಮ ಮಾಹಿತಿ ತಂತ್ರಜ್ಞಾನ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಕಾಪಾಡಬೇಕು. ಬಿಲ್ಡ್ ಸರ್ವರಿಗೆ ಯಾರು ಬಂದರು, ಏನು ಮಾಡಿದರು ಎಂಬ ಲಾಗ್‌ಗಳನ್ನು ಹಳೆಯ ಕಡತಗಳ ಜೊತೆಗೆ ಹದಿನಾಲ್ಕನೇ ದಿನ ಒರೆಸಿಹಾಕುವ ಮೊದಲು ಇದನ್ನು ನೆನಪಿಡಬೇಕು.

ಕೊನೆಯನ್ನು ಮೊದಲೇ ಯೋಚಿಸಿಡುವುದಕ್ಕೆ ನಮ್ಮ ಹತ್ತಿರದಲ್ಲೇ ಒಂದು ಮಾದರಿಯಿದೆ. ಸಕಲೇಶಪುರದಿಂದ ಆಲೂರು ದಾಟಿ ಹಾಸನಕ್ಕೆ ಹೋದರೆ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವಿದೆ. ದೇಶದ ಭೂಸ್ಥಿರ ಉಪಗ್ರಹಗಳನ್ನು 1982ರಿಂದ ನೋಡಿಕೊಳ್ಳುತ್ತಿರುವುದು ಅದು. 2007ರಲ್ಲಿ ಹಾರಿದ ಇನ್ಸಾಟ್-4ಬಿ ಉಪಗ್ರಹದ ಕೆಲಸ ಮುಗಿದಾಗ ಅದನ್ನು ಅದರ ಕಕ್ಷೆಯಲ್ಲೇ ಬಿಡಲಿಲ್ಲ. 2022ರ ಜನವರಿಯಲ್ಲಿ ಹಂತಹಂತವಾಗಿ ಮೇಲಕ್ಕೆತ್ತಿ, ಭೂಸ್ಥಿರ ಕಕ್ಷೆಗಿಂತ ಸುಮಾರು 340 ಕಿಲೋಮೀಟರ್ ಎತ್ತರಕ್ಕೆ ಸಾಗಿಸಿ, ಕೆಳಗಿನ ಜಾಗವನ್ನು ಉಳಿದವುಗಳಿಗೆ ತೆರವು ಮಾಡಿದರು. ಈ ಕೊನೆಯ ಪ್ರಯಾಣಕ್ಕೆ ಬೇಕಾದ ಇಂಧನವನ್ನು ಉಪಗ್ರಹ ಹಾರುವ ಮೊದಲಿನ ಲೆಕ್ಕದಲ್ಲೇ ಸೇರಿಸಿದ್ದರು. ಉಪಗ್ರಹ ಮುದಿಯಾದ ಮೇಲೆ ಇಂಧನ ಹುಡುಕಲಾಗುವುದಿಲ್ಲ ಎಂಬುದು ಅಲ್ಲಿನವರಿಗೆ ಸ್ಪಷ್ಟವಿತ್ತು.

ಬಿಲ್ಡ್ ಸರ್ವರ್ ನೋಡಿಕೊಳ್ಳುವವರಲ್ಲಿ ನಾನು ಕೇಳುವುದು ಇದೇ ಕ್ರಮವನ್ನು. ಹೊಸ ಕೆಲಸವೊಂದನ್ನು ಜೆಂಕಿನ್ಸ್‌ಗೆ ಸೇರಿಸಿ ಎಂದು ತಂಡದಿಂದ ಕೋರಿಕೆ ಬಂದಾಗ ಅದು ಎಲ್ಲಿಂದ ಕೋಡ್ ತರಬೇಕು, ಯಾವ ಟೆಸ್ಟ್ ಓಡಿಸಬೇಕು ಎಂದು ವಿವರವಾಗಿ ಬರೆದಿರುತ್ತಾರೆ. ಅದರ ಕೆಳಗೆ ವರ್ಕ್‌ಸ್ಪೇಸ್ ಎಷ್ಟು ದಿನ, ಕಡತ ಎಷ್ಟು ದಿನ, ಲಾಗ್ ಎಷ್ಟು ದಿನ, ಯಾವುದು ಭಂಡಾರಕ್ಕೆ ಎಂಬ ನಾಲ್ಕು ಉತ್ತರಗಳೂ ಇರಬೇಕು. ಇರದಿದ್ದರೆ ಕೋರಿಕೆಯನ್ನು ಹಿಂದಕ್ಕೆ ಕಳಿಸಬೇಕು. ಈಗಾಗಲೇ ನಡೆಯುತ್ತಿರುವ ಕೆಲಸಗಳಿಗೆ ಹೊಸದಾಗಿ ನಿಯಮ ತರುವವರು ಮೊದಲ ಎರಡು ವಾರ ಸ್ಕ್ರಿಪ್ಟ್ ಏನನ್ನೂ ಅಳಿಸದೆ, ಅಳಿಸುತ್ತಿದ್ದ ಫೋಲ್ಡರ್‌ಗಳ ಪಟ್ಟಿಯನ್ನಷ್ಟೇ ದಿನವೂ ತಂಡಕ್ಕೆ ಕಳಿಸುವಂತೆ ಇಡಲಿ. ಆ ಪಟ್ಟಿ ನೋಡಿ ‘ಅದು ನನಗೆ ಬೇಕು’ ಎಂದು ಯಾರಾದರೂ ಹೇಳಿದರೆ, ಆ ಕೆಲಸಕ್ಕೆ ಎಷ್ಟು ದಿನ ಎಂದು ಅವರಿಂದಲೇ ಬರೆಸಿಕೊಳ್ಳಲಿ.